ಮಾನಿಟರಿನ ಮಸುಕು, ಲೆಕ್ಕದ ತೊಡಕು
4ಕೆ ಮಾನಿಟರಿನಲ್ಲಿ ಅಕ್ಷರಗಳು ಸಣ್ಣವೆಂದು ಅನೇಕ ಕಚೇರಿಗಳಲ್ಲಿ ಗುಮಾಸ್ತರು ರೆಸಲ್ಯೂಷನ್ ಇಳಿಸಿಬಿಡುತ್ತಾರೆ. ಅಕ್ಷರ ದೊಡ್ಡದಾಗುವುದೇನೋ ನಿಜ, ಜೊತೆಗೆ ಮಸುಕೂ ಆಗುತ್ತದೆ. ಪರದೆಯ 3840×2160 ಪಿಕ್ಸೆಲ್‌ಗಳು ತಯಾರಿಕೆಯಲ್ಲಿಯೇ ನಿಗದಿಯಾದವು. 2560×1440ಕ್ಕೆ ಇಳಿಸಿದರೆ ಚಿತ್ರದ ಒಂದೊಂದು ಬಿಂದುವೂ ಅಗಲದಲ್ಲಿ ಒಂದೂವರೆ ಪಿಕ್ಸೆಲ್‌ಗೆ ಹರಡಬೇಕು; ಅರ್ಧ ಪಿಕ್ಸೆಲ್ ಎಂಬುದಿಲ್ಲವಾದ್ದರಿಂದ ಅಂಚುಗಳ ಬಣ್ಣ ಬೆರೆಯುತ್ತದೆ. ಪರದೆಯ ಮೇಲಿನ ಬಿಲ್ಲಿನಲ್ಲಿ 3 ಅನ್ನು 8 ಎಂದೋದಿ ಜಿಎಸ್‌ಟಿಆರ್-1ರಲ್ಲಿ ನಮೂದಿಸಿದರೆ ಖರೀದಿದಾರರ ಲೆಕ್ಕದೊಡನೆ ತಾಳೆಯಾಗದು.

ರೆಸಲ್ಯೂಷನ್ ಮೂಲದಲ್ಲಿದ್ದಂತೆಯೇ ಇರಲಿ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ‘ಸ್ಕೇಲ್’ ಅನ್ನು ಶೇ. 150ಕ್ಕೆ ಏರಿಸುವುದು ಸರಿಯಾದ ಕ್ರಮ. ಹಳೆಯ ಲೆಕ್ಕಪತ್ರ ತಂತ್ರಾಂಶ ಇದಕ್ಕೆ ಒಗ್ಗದಿದ್ದಲ್ಲಿ, ಸರಿಯಾಗಿ ಅರ್ಧವಾದ 1920×1080 ವಾಸಿ. ಆದರೆ ಆಗ 83 ಲಕ್ಷ ಪಿಕ್ಸೆಲ್‌ಗಳಿಗೆ ಹಣ ತೆತ್ತು 21 ಲಕ್ಷದಷ್ಟು ವಿವರವನ್ನಷ್ಟೇ ಪಡೆದಂತಾಯಿತು. ಅಂಥ ಕಚೇರಿಗೆ ಸಾಧಾರಣ ಫುಲ್ ಎಚ್‌ಡಿ ಮಾನಿಟರೇ ಸಾಕಿತ್ತು.