ಹೊರಸುತ್ತಿನ ದಾರಿ

ಐಸ್ ಹಾಕಿ ಆಡುವ ಅಂಗಳದೊಳಗೇ 111.12 ಮೀಟರ್ ಸುತ್ತಳತೆಯ ಒಂದು ಅಂಡಾಕಾರದ ದಾರಿ. ತಿರುವು ಎಲ್ಲಿದೆ ಎಂದು ತೋರಿಸಲು ಐಸ್ ಮೇಲೆ ಸುಮ್ಮನೆ ಇಟ್ಟಿರುವ ಕಪ್ಪು ರಬ್ಬರ್ ತುಂಡುಗಳು. ಲೇನ್ ಬೇರ್ಪಡಿಸುವ ಗೆರೆ ಎಲ್ಲೂ ಇಲ್ಲ. ನಾಲ್ಕೈದು ಜನ ಒಂದೇ ಗೆರೆಯ ಮೇಲೆ ಒಟ್ಟಿಗೆ ನಿಂತು, ಗುಂಡಿನ ಸದ್ದು ಕೇಳಿದ ಕೂಡಲೇ ಒಂದೇ ತಿರುವಿಗೆ ನುಗ್ಗುತ್ತಾರೆ. ಶಾರ್ಟ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್‌ನ ಸೊಗಸು, ಅಪಾಯ, ಅನ್ಯಾಯ ಎಲ್ಲವೂ ಹುಟ್ಟುವುದು ಈ ಇಕ್ಕಟ್ಟಿನಲ್ಲೇ. 500 ಮೀಟರ್ ಎಂದರೆ ನಾಲ್ಕೂವರೆ ಸುತ್ತು, 1000 ಮೀಟರ್ ಒಂಬತ್ತು, 1500 ಹದಿಮೂರೂವರೆ, ಪುರುಷರ ರಿಲೇ 45 ಸುತ್ತು. ಎಷ್ಟು ಸೆಕೆಂಡಿನಲ್ಲಿ ಮುಗಿಸಿದಿರಿ ಎಂಬುದಕ್ಕಿಂತ ಎಷ್ಟನೆಯವರಾಗಿ ಮುಗಿಸಿದಿರಿ ಎಂಬುದೇ ಇಲ್ಲಿ ಮುಖ್ಯ.

ಓಟ ಯಾವಾಗಲೂ ಎಡಕ್ಕೇ ತಿರುಗುವುದರಿಂದ ಸ್ಕೇಟರ್‌ನ ಮೈಮೇಲಿನ ಸಲಕರಣೆಗಳೂ ಎಡಕ್ಕೆ ವಾಲಿವೆ. ಬ್ಲೇಡನ್ನು ಬೂಟಿನ ನಡುವೆ ಕೂರಿಸದೆ ಎಡಕ್ಕೆ ಸರಿಸಿ ಕೂರಿಸುತ್ತಾರೆ. ಇಲ್ಲದಿದ್ದರೆ ತಿರುವಿನಲ್ಲಿ ಮೈ ವಾಲಿಸಿದಾಗ ಬೂಟು ಐಸ್‌ಗೆ ತಾಗಿ ಬೀಳುವುದು ಖಚಿತ. ಬ್ಲೇಡನ್ನೂ ತಿರುವಿಗೆ ಒಗ್ಗುವಂತೆ ತುಸು ಬಗ್ಗಿಸಿರುತ್ತಾರೆ. ಎಡಗೈ ಗವಸಿನ ಬೆರಳ ತುದಿಗಳಿಗೆ ಗಟ್ಟಿಯಾದ ನುಣುಪು ಪದಾರ್ಥದ ಲೇಪ, ಏಕೆಂದರೆ ಆ ಬೆರಳುಗಳು ಐಸನ್ನು ಸವರುತ್ತಲೇ ಹೋಗಬೇಕು. ಗಂಟೆಗೆ ಐವತ್ತು ಕಿಲೋಮೀಟರ್‌ಗೆ ಸಮೀಪದ ವೇಗದಲ್ಲಿ ಅಷ್ಟು ಪುಟ್ಟ ತಿರುವನ್ನು ಹಿಡಿಯುವಾಗ ಒಂದೇ ಕಾಲಿನ ಮೇಲೆ ಮೈತೂಕಕ್ಕಿಂತ ಬಹಳ ಹೆಚ್ಚಿನ ಭಾರ ಬೀಳುತ್ತದೆ. ಐಸ್ ಸವೆಯದಿರಲೆಂದು ರಬ್ಬರ್ ತುಂಡುಗಳನ್ನು ಆಗಾಗ ಸ್ವಲ್ಪ ಸರಿಸುತ್ತಾರೆ, ಓಟಗಳ ನಡುವೆ ಬಕೆಟ್‌ನಿಂದ ನೀರು ಸುರಿದು ಗೀರುಗಳನ್ನು ಮುಚ್ಚುತ್ತಾರೆ. ಸುತ್ತಲಿನ ಗೋಡೆಗೆ ದಪ್ಪನೆಯ ಮೆತ್ತೆ. ಬೀಳುವುದನ್ನು ಯಾರೂ ಅಪರೂಪವೆಂದು ಎಣಿಸುವುದಿಲ್ಲ.

ಇಂಥ ಕಡೆ ಮುಂದಿನವರನ್ನು ಹಿಂದಿಕ್ಕಲು ಎರಡೇ ದಾರಿ. ಒಳಗಿನಿಂದ ನುಗ್ಗಿದರೆ ದೂರ ಕಡಿಮೆ, ಆದರೆ ಮೈ ತಾಗಿತೋ, ತೀರ್ಪುಗಾರರು ಅನರ್ಹಗೊಳಿಸಬಹುದು. ಹೊರಗಿನಿಂದ ಹೋದರೆ ತಕರಾರಿಲ್ಲ, ಆದರೆ ಹೆಚ್ಚು ದೂರ ಸಾಗಬೇಕು; ಎದುರಾಳಿಯ ಪೂರ್ತಿ ವೇಗದ ಮೇಲೂ ನಿಮ್ಮಲ್ಲಿ ಇನ್ನಷ್ಟು ವೇಗ ಉಳಿದಿರಬೇಕು. ಅಂಥ ವೇಗ ಬಹಳ ಮಂದಿಗೆ ಇರುವುದಿಲ್ಲ. ದಕ್ಷಿಣ ಕೊರಿಯಾದ ಆನ್ ಹ್ಯುನ್-ಸೂ ಅವರಿಗೆ ಇತ್ತು. ಆರಂಭದ ಸುತ್ತುಗಳಲ್ಲಿ ಎಲ್ಲರ ಹಿಂದೆ, ಗಾಳಿಯ ಪೆಟ್ಟು ತಪ್ಪಿಸಿಕೊಂಡು ಆರಾಮವಾಗಿ ಬರುತ್ತಿದ್ದ ಅವರು ಕೊನೆಯ ಎರಡು ಮೂರು ಸುತ್ತುಗಳಲ್ಲಿ ಹೊರಸುತ್ತು ಹಿಡಿದು ಒಬ್ಬೊಬ್ಬರನ್ನೇ ದಾಟುವುದನ್ನು ನೋಡಿದರೆ, ಉಳಿದವರೆಲ್ಲ ಅಲ್ಲಿಯವರೆಗೆ ಅವರಿಗಾಗಿಯೇ ದುಡಿದರೇನೋ ಅನ್ನಿಸುತ್ತದೆ. ಈ ಕ್ರೀಡೆ ಕಂಡ ಅತ್ಯಂತ ಶ್ರೇಷ್ಠ ಸ್ಕೇಟರ್ ಅವರೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

1985ರಲ್ಲಿ ಸೋಲ್‌ನಲ್ಲಿ ಹುಟ್ಟಿದ ಆನ್ ಒಲಿಂಪಿಕ್ಸ್‌ಗೆ ಕಾಲಿಟ್ಟಿದ್ದು 2002ರಲ್ಲಿ, ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಹದಿನಾರರ ಹುಡುಗನಾಗಿ. ಅಲ್ಲಿನ 1000 ಮೀಟರ್ ಫೈನಲ್ ಇಂದಿಗೂ ಜನ ಮತ್ತೆ ಮತ್ತೆ ನೋಡುವ ಓಟ. ಕೊನೆಯ ತಿರುವಿನಲ್ಲಿ ಮುಂದಿದ್ದ ನಾಲ್ವರೂ ಒಬ್ಬರಿಗೊಬ್ಬರು ಸಿಕ್ಕಿಕೊಂಡು ಬಿದ್ದರು. ಬಹಳ ಹಿಂದೆ ಉಳಿದಿದ್ದ ಆಸ್ಟ್ರೇಲಿಯಾದ ಸ್ಟೀವನ್ ಬ್ರಾಡ್‌ಬರಿ ನಿಂತ ಕಾಲಲ್ಲೇ ಗೆರೆ ದಾಟಿ ಚಿನ್ನ ಗೆದ್ದರು. ಎಲ್ಲರೂ ಬ್ರಾಡ್‌ಬರಿ ಅವರ ಕಥೆಯನ್ನೇ ಹೇಳುತ್ತಾರೆ. ಆ ಬಿದ್ದ ರಾಶಿಯಲ್ಲಿ ಆನ್ ಕೂಡ ಇದ್ದರು ಎಂಬುದು ಎಷ್ಟೋ ಜನರಿಗೆ ನೆನಪಿಲ್ಲ. ಅವರಿಗೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ.

ಮರುವರ್ಷದಿಂದ 2007ರವರೆಗೆ, ಸತತ ಐದು ಬಾರಿ, ಅವರೇ ಸಮಗ್ರ ವಿಶ್ವ ಚಾಂಪಿಯನ್. 2006ರ ಟ್ಯೂರಿನ್ ಒಲಿಂಪಿಕ್ಸ್‌ನಲ್ಲಿ ಇಳಿದ ನಾಲ್ಕೂ ಸ್ಪರ್ಧೆಗಳಲ್ಲಿ ಪದಕ: 1000, 1500 ಮತ್ತು ರಿಲೇಯಲ್ಲಿ ಚಿನ್ನ, 500ರಲ್ಲಿ ಕಂಚು. ಆಗ ಕೊರಿಯಾ ತಂಡದೊಳಗೆ ಎಂಥ ಒಡಕು ಇತ್ತೆಂಬುದು ಗೊತ್ತಾದ ಮೇಲೆ ಈ ಪದಕಗಳ ತೂಕ ಇನ್ನೂ ಹೆಚ್ಚುತ್ತದೆ. ಯಾವ ವಿಶ್ವವಿದ್ಯಾಲಯದ ಕಡೆಯವರು, ಯಾವ ಕೋಚ್‌ನ ಕಡೆಯವರು ಎಂಬುದರ ಮೇಲೆ ಅಲ್ಲಿನ ಶಾರ್ಟ್ ಟ್ರ್ಯಾಕ್ ಬಣಗಳಾಗಿ ಸೀಳಿಹೋಗಿತ್ತು. ಆನ್ ಪುರುಷರ ತಂಡದ ಜತೆಗಲ್ಲ, ಮಹಿಳಾ ತಂಡದ ಕೋಚ್ ಬಳಿ ಅಭ್ಯಾಸ ಮಾಡುತ್ತಿದ್ದರು. ಇನ್ನೊಂದು ಪಾಳೆಯದಲ್ಲಿದ್ದ ಲೀ ಹೋ-ಸುಕ್ 1000 ಮತ್ತು 1500 ಎರಡರಲ್ಲೂ ಅವರ ಹಿಂದೆಯೇ ಗೆರೆ ದಾಟಿ ಬೆಳ್ಳಿ ಪಡೆದರು. ರಿಲೇಯಲ್ಲಿ ಅದೇ ಇಬ್ಬರು ಒಂದೇ ತಂಡದಲ್ಲಿ ಓಡಬೇಕಾಯಿತು. ರಿಲೇಯಲ್ಲಿ ಮುಂದಿನವರನ್ನು ಸೊಂಟದ ಬಳಿ ಬಲವಾಗಿ ದೂಡಿ ಓಟ ದಾಟಿಸುವುದು ವಾಡಿಕೆ. ಕೊನೆಯ ಎರಡು ಸುತ್ತು ಆನ್ ಅವರದಾಗಿತ್ತು. ಕೆನಡಾವನ್ನು ಹಿಂದಿಕ್ಕಿ ಅವರು ಕೊರಿಯಾಕ್ಕೆ ಚಿನ್ನ ತಂದರು.

2008ರ ಜನವರಿಯಲ್ಲಿ ಅಭ್ಯಾಸದ ವೇಳೆ ಜಾರಿ ಗೋಡೆಗೆ ಅಪ್ಪಳಿಸಿದಾಗ ಮೊಣಕಾಲ ಚಿಪ್ಪು ಒಡೆಯಿತು. ಶಸ್ತ್ರಚಿಕಿತ್ಸೆಗಳಲ್ಲೇ ದಿನ ಕಳೆದು, 2010ರ ವ್ಯಾಂಕೂವರ್ ಒಲಿಂಪಿಕ್ಸ್ ಕೈತಪ್ಪಿತು. ಅದೇ ವರ್ಷದ ಕೊನೆಗೆ ಅವರಿಗೆ ಸಂಬಳ ಕೊಡುತ್ತಿದ್ದ ಸೊಂಗ್‌ನಾಮ್ ನಗರಾಡಳಿತದ ತಂಡವೂ ಮುಚ್ಚಿತು. ಕೊರಿಯಾದಲ್ಲಿ ನಗರಾಡಳಿತಗಳೂ ಕ್ರೀಡಾ ತಂಡಗಳನ್ನು ಸಾಕುತ್ತವೆ. ಹಣದ ಮುಗ್ಗಟ್ಟಿಗೆ ಸಿಲುಕಿದ ಆ ನಗರ ಮೊದಲು ಕೈಬಿಟ್ಟವುಗಳಲ್ಲಿ ಈ ತಂಡವೂ ಸೇರಿತ್ತು. ಮೂರು ಒಲಿಂಪಿಕ್ ಚಿನ್ನ ಗೆದ್ದವರು ಇಪ್ಪತ್ತೈದರ ವಯಸ್ಸಿನಲ್ಲಿ ಕೆಲಸವಿಲ್ಲದೆ ನಿಂತರು. ರಷ್ಯಾ ಕರೆಯಿತು. 2011ರ ಕೊನೆಗೆ ಅವರು ರಷ್ಯಾದ ಪೌರರಾದರು. ಗೆಲುವನ್ನು ಸೂಚಿಸುತ್ತದೆಂದೂ, ಕೊರಿಯಾ ಮೂಲದ ರಾಕ್ ಗಾಯಕ ವಿಕ್ಟರ್ ತ್ಸೊಯ್ ಅವರ ನೆನಪಿಗೆಂದೂ ವಿಕ್ಟರ್ ಎಂಬ ಹೆಸರನ್ನು ಇಟ್ಟುಕೊಂಡರು. ಅವರನ್ನು ದೇಶ ಬಿಟ್ಟವರೆಂದು ಬೈದವರಿದ್ದಾರೆ. ಆಟಗಾರನ ದೇಹಕ್ಕೆ ಒಂದು ಕಾಲಮಿತಿ ಇರುತ್ತದೆ, ಆ ಕಾಲದಲ್ಲಿ ಐಸ್ ಕೊಡದವರಿಗೆ ಬೈಯುವ ಹಕ್ಕು ಎಲ್ಲಿಂದ ಬಂತು ಎಂದು ನಾನು ಕೇಳುತ್ತೇನೆ.

2014ರ ಸೋಚಿ ಒಲಿಂಪಿಕ್ಸ್‌ನ 1500 ಮೀಟರ್‌ನಲ್ಲಿ ಕಂಚು ಬಂತು. ಶಾರ್ಟ್ ಟ್ರ್ಯಾಕ್‌ನಲ್ಲಿ ರಷ್ಯಾಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಐದು ದಿನಗಳ ಬಳಿಕ 1000ರಲ್ಲಿ ಚಿನ್ನ. ಬೆಳ್ಳಿಯೂ ರಷ್ಯಾದ ವ್ಲಾದಿಮಿರ್ ಗ್ರಿಗೊರೆವ್ ಪಾಲಾಯಿತು. ಅವರು ಉಕ್ರೇನ್‌ನಲ್ಲಿ ಹುಟ್ಟಿ, ಮೊದಲು ಆ ದೇಶದ ಪರವಾಗಿ ಆಡಿದವರು. ಬೇರೆ ಬೇರೆ ದೇಶಗಳಿಂದ ಬಂದ ಇಬ್ಬರು ರಷ್ಯಾಕ್ಕೆ ಮೊದಲೆರಡು ಸ್ಥಾನ ಗಳಿಸಿಕೊಟ್ಟರು. ಗೆದ್ದ ಮೇಲೆ ಆನ್ ಬಗ್ಗಿ ಐಸ್‌ಗೆ ಮುತ್ತಿಟ್ಟರು.

ಆದರೆ ಅವರ ಇಡೀ ಬದುಕಿನಲ್ಲಿ ಒಂದೇ ಓಟವನ್ನು ಆರಿಸು ಎಂದರೆ ನಾನು ಆರಿಸುವುದು ಫೆಬ್ರುವರಿ 21ರ 500 ಮೀಟರ್ ಫೈನಲ್. 500 ಎಂದರೆ ಸ್ಫೋಟದಂತೆ ಹೊರಡುವವರ ಆಟ. ನಾಲ್ಕೂವರೆ ಸುತ್ತಿನಲ್ಲಿ ಹಿಂದೆ ಕೂತು ಕಾಯಲು ಸಮಯವೇ ಇರುವುದಿಲ್ಲ, ಮೊದಲ ತಿರುವನ್ನು ಮೊದಲು ಹಿಡಿದವರು ಸಾಮಾನ್ಯವಾಗಿ ಕೊನೆಯವರೆಗೂ ಮುಂದೆಯೇ ಇರುತ್ತಾರೆ. ಮೊಣಕಾಲು ಒಡೆದ, ಇಪ್ಪತ್ತೆಂಟು ವರ್ಷದ, ಹೊರಡುವಾಗಲೇ ಹಿಂದೆ ಬಿದ್ದ ಸ್ಕೇಟರ್‌ಗೆ ಅಲ್ಲಿ ಅವಕಾಶವೇ ಇರಬಾರದು. ಆನ್ ಅಷ್ಟು ಚಿಕ್ಕ ಓಟದಲ್ಲೂ ತಮ್ಮ ಹಳೆಯ ತಾಳ್ಮೆಯನ್ನು ಬಿಡಲಿಲ್ಲ. ಒಬ್ಬೊಬ್ಬರನ್ನೇ ದಾಟಿ, ಕಡೆಗೆ ಮುಂದಿದ್ದ ಚೀನಾದ ವು ದಾಜಿಂಗ್ ಅವರನ್ನೂ ಹಿಂದಿಕ್ಕಿದರು. ಅದೇ ರಾತ್ರಿ ರಿಲೇ ಚಿನ್ನವೂ ಬಂತು. ಒಟ್ಟು ಆರು ಚಿನ್ನ, ಎರಡು ಕಂಚು. 500, 1000, 1500, ರಿಲೇ ಈ ನಾಲ್ಕರಲ್ಲೂ ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಅವರು. ಮರುತಿಂಗಳು ಆರನೆಯ ಬಾರಿ ವಿಶ್ವ ಚಾಂಪಿಯನ್ ಆದರು.

ಕೊರಿಯಾದ ಪುರುಷರ ಶಾರ್ಟ್ ಟ್ರ್ಯಾಕ್ ತಂಡ ಸೋಚಿಯಿಂದ ಒಂದೂ ಪದಕವಿಲ್ಲದೆ ಮರಳಿತು. ಆನ್ ದೇಶ ಬಿಡಬೇಕಾದ ಪರಿಸ್ಥಿತಿ ಹೇಗೆ ಬಂತು ಎಂದು ಕೊರಿಯಾದ ಅಧ್ಯಕ್ಷೆಯೇ ಬಹಿರಂಗವಾಗಿ ಕೇಳಿದರು.

2018ರ ಒಲಿಂಪಿಕ್ಸ್ ನಡೆದದ್ದು ಕೊರಿಯಾದ ಪ್ಯೋಂಗ್‌ಚಾಂಗ್‌ನಲ್ಲಿ. ಹುಟ್ಟಿದ ನಾಡಿನ ಐಸ್ ಮೇಲೆ ಕೊನೆಯ ಸಲ ಓಡಬೇಕೆಂದು ಆನ್ ಸಿದ್ಧರಾಗಿದ್ದರು. ರಷ್ಯಾದ ಉದ್ದೀಪನ ಮದ್ದಿನ ಹಗರಣದ ನಂತರ ಆಯ್ದ ರಷ್ಯನ್ನರನ್ನಷ್ಟೇ ಆಹ್ವಾನಿಸಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಕಾರಣವಾದರೂ ತಿಳಿಸಿ ಎಂದು ಅವರು ಸಮಿತಿಯ ಅಧ್ಯಕ್ಷರಿಗೆ ಬಹಿರಂಗ ಪತ್ರ ಬರೆದರು. ಮೇಲ್ಮನವಿಯೂ ಬಿದ್ದುಹೋಯಿತು. ಆ ಕೂಟದ 500 ಮೀಟರ್ ಚಿನ್ನ ಸೋಚಿಯಲ್ಲಿ ಅವರಿಗೆ ಸೋತಿದ್ದ ವು ದಾಜಿಂಗ್ ಅವರದಾಯಿತು.

2020ರಲ್ಲಿ ಸ್ಕೇಟ್ ಕಳಚಿಟ್ಟ ಆನ್, ಕೊರಿಯಾದವರೇ ಆದ ಮುಖ್ಯ ಕೋಚ್ ಕಿಮ್ ಸುನ್-ತೇ ಅವರ ಜತೆ ಚೀನಾ ತಂಡಕ್ಕೆ ಕಲಿಸಲು ಹೋದರು. 2022ರ ಬೀಜಿಂಗ್‌ನಲ್ಲಿ ಆ ತಂಡ ಮಿಶ್ರ ರಿಲೇಯಲ್ಲಿ ಚಿನ್ನ ಗೆದ್ದಾಗ ಓಡಿದ ನಾಲ್ವರಲ್ಲಿ ವು ದಾಜಿಂಗ್ ಕೂಡ ಒಬ್ಬರು. ಅದಾದ ಮೇಲೆ, ಹಿಂದೆ ತಂಡವನ್ನು ಮುಚ್ಚಿದ್ದ ಅದೇ ಸೊಂಗ್‌ನಾಮ್ ನಗರಾಡಳಿತ ತನ್ನ ಸ್ಕೇಟಿಂಗ್ ತಂಡಕ್ಕೆ ಕೋಚ್ ಬೇಕೆಂದು ಅರ್ಜಿ ಕರೆದಾಗ ಆನ್ ಅರ್ಜಿ ಹಾಕಿದರು. 2023ರ ಜನವರಿಯಲ್ಲಿ ಫಲಿತಾಂಶ ಬಂತು. ಅವರನ್ನು ಆಯ್ಕೆ ಮಾಡಿರಲಿಲ್ಲ.