ಹುಣಸೆ ಬೀಜ ಮತ್ತು ಮನೆಮಾತು: ಹೊಸೂರು ಭಾಗದ ಅಂಗನವಾಡಿಯಲ್ಲಿ ಚಟುವಟಿಕೆ ಆಧಾರಿತ ಕಲಿಕೆ

ನಾನು ಕನ್ನಡ ಎಂ.ಎ. ವಿದ್ಯಾರ್ಥಿನಿ. ನಮ್ಮೂರು ಹೊಸೂರಿನ ಆಚೆ, ತಳಿ ಕಡೆ. ಸಾಹಿತ್ಯ ಓದೋಳು ಅಂಗನವಾಡಿ ಬಗ್ಗೆ ಯಾಕೆ ಮಾತಾಡ್ತಾಳೆ ಅಂತ ನಿಮಗೆ ಅನ್ನಿಸಬಹುದು. ಗಡಿಭಾಗದಲ್ಲಿ ಕನ್ನಡದ ಓದುಗರು ತಯಾರಾಗುವುದು ಬಿ.ಎ. ತರಗತಿಯಲ್ಲಲ್ಲ, ಮೂರು-ನಾಲ್ಕು ವರ್ಷದ ವಯಸ್ಸಿನಲ್ಲಿ. ಅದಕ್ಕೇ ಈ ವಿಷಯ.

ಮೊದಲು ಪರಿಕಲ್ಪನೆ. ಮಗು ವಸ್ತುವನ್ನು ಮುಟ್ಟಿ, ಬೇರ್ಪಡಿಸಿ, ಜೋಡಿಸಿ, ಎಣಿಸಿ ತಾನೇ ಕಂಡುಕೊಳ್ಳುವುದೇ ಚಟುವಟಿಕೆ ಆಧಾರಿತ ಕಲಿಕೆ. ಮಾರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಮಕ್ಕಳ ಮನೆ ತೆರೆದರು. 1939ರಲ್ಲಿ ಮದರಾಸಿಗೇ ಬಂದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಆರಂಭಿಸಿದರು. ನಮ್ಮ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ಮಾಡಿದ್ದು ನಿಮಗೆ ಗೊತ್ತೇ ಇದೆ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು.

ಈ ವಿಧಾನಕ್ಕೆ ಗಡಿಯ ತಕರಾರು ಇಲ್ಲ. ಪ್ರಾಥಮಿಕ ಶಾಲೆಯ ಉದಾಹರಣೆ ನೋಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಗೂ, 2003ರಲ್ಲಿ ಚೆನ್ನೈ ಕಾರ್ಪೊರೇಷನ್ ಶಾಲೆಗಳಲ್ಲಿ ಶುರುವಾದ ಚಟುವಟಿಕೆ ಕಲಿಕೆಗೂ ಪ್ರೇರಣೆ ಒಂದೇ: ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ. ಅಂದರೆ ತೆಲುಗು ನೆಲದ ಪ್ರಯೋಗ ಕನ್ನಡಕ್ಕೂ ಬಂತು, ತಮಿಳಿಗೂ ಹೋಯಿತು. ವಿಧಾನ ಗಡಿ ದಾಟಿತು. ಮಗುವಿನ ಮನೆಮಾತು ದಾಟುತ್ತಾ? ನನ್ನ ಪ್ರಶ್ನೆ ಇದು.

ಒಂದು ಪ್ರಸಂಗ ಹೇಳ್ತೀನಿ. ನನ್ನ ಅಕ್ಕನ ಮಗಳಿಗೆ ನಾಲ್ಕು ವರ್ಷ. ಅವಳನ್ನು ಬಿಡೋಕೆ ಹೋದ ದಿನ ಅಂಗನವಾಡಿಯಲ್ಲೇ ಕೂತಿದ್ದೆ. ಟೀಚರ್ ಚಾಪೆ ಮೇಲೆ ಹುಣಸೆ ಬೀಜ, ಅವರೆಕಾಳು, ಹುರುಳಿ ಬೆರೆಸಿ ಹಾಕಿ, ಬೇರೆ ಬೇರೆ ಮಾಡೋಕೆ ಹೇಳಿದರು. ನಮ್ಮ ಹುಡುಗಿ ಮೂರು ಗುಡ್ಡೆ ಸರಿಯಾಗಿ ಮಾಡಿದಳು. ಆಮೇಲೆ ಹುಣಸೆ ಬೀಜ ತೋರಿಸಿ ಎಷ್ಟಿದೆ ಅಂತ ತಮಿಳಿನಲ್ಲಿ ಕೇಳಿದರು. ಮಗು ಬಾಯಿ ಬಿಡಲಿಲ್ಲ. 'ಇವಳಿಗೆ ಎಣಿಕೆ ಇನ್ನೂ ಬಂದಿಲ್ಲ' ಅಂದರು ಟೀಚರ್. ಸಂಜೆ ಅದೇ ಮಗು ಅಜ್ಜಿ ಮುಂದೆ ಒಂದು, ಎರಡು ಅಂತ ಹತ್ತರವರೆಗೆ ಬೀಜ ಎಣಿಸಿತು!

ಇಲ್ಲಿ ನಡೆದದ್ದೇನು? ಬೇರ್ಪಡಿಸುವಾಗ ಮಗು ಬಣ್ಣ, ಗಾತ್ರ ಹೋಲಿಸಿ ವರ್ಗೀಕರಣ ಕಲಿಯುತ್ತದೆ. ಹೆಬ್ಬೆರಳು-ತೋರುಬೆರಳಲ್ಲಿ ಕಾಳು ಹಿಡಿಯುವುದು ಮುಂದೆ ಬಳಪ ಹಿಡಿಯೋಕೆ ತಯಾರಿ. ಒಂದು ಬೀಜಕ್ಕೆ ಒಂದು ಎಣಿಕೆ ಅಂತ ಹೊಂದಿಸುವುದು ಗಣಿತದ ಬೇರು. ಇವೆಲ್ಲ ಆ ಮಗುವಿಗೆ ಗೊತ್ತಿತ್ತು. ಕೈ ಉತ್ತರ ಕೊಟ್ಟಿತ್ತು. ನಾವು ಬಾಯನ್ನು ಮಾತ್ರ ಪರೀಕ್ಷೆ ಮಾಡಿದೆವು. ಟೀಚರನ್ನು ದೂರಿ ಪ್ರಯೋಜನವಿಲ್ಲ. ಅವರ ಮನೆಮಾತು ತೆಲುಗು. ಅವರೂ ಕಲಿತ ಭಾಷೆಯಲ್ಲೇ ಕೇಳಿದ್ದರು.

ತಮಿಳು ಬೇಡ ಅಂತ ನಾನು ಹೇಳ್ತಿಲ್ಲ. 2006ರ ಕಾಯ್ದೆ ಪ್ರಕಾರ ಒಂದನೇ ತರಗತಿಯಿಂದ ತಮಿಳು ಕಡ್ಡಾಯ. ಇಲ್ಲಿ ಬದುಕೋಕೂ ಅದು ಬೇಕು. ಆದರೆ ಗೊತ್ತಿರುವ ಮಾತಿನ ಮೇಲೆ ಹೊಸ ಮಾತು ನಿಲ್ಲಬೇಕು. ನಾಲ್ಕು ವರ್ಷಕ್ಕೇ 'ನನ್ನ ಮಾತು ಇಲ್ಲಿ ನಡೆಯಲ್ಲ' ಅಂತ ಕಲಿತ ಮಗು ಮುಂದೆ ಕನ್ನಡ ಪುಸ್ತಕ ಯಾಕೆ ಮುಟ್ಟುತ್ತೆ? ತಮಿಳನ್ನಾದರೂ ಧೈರ್ಯವಾಗಿ ಹೇಗೆ ಆಡುತ್ತೆ?

ದಾರಿ ನಮ್ಮ ಆಟಗಳಲ್ಲೇ ಇದೆ. ಅಳಗುಳಿಮಣೆಯನ್ನೇ ತಗೊಳ್ಳಿ. ಸಾಮಾನ್ಯವಾಗಿ ಹದಿನಾಲ್ಕು ಗುಳಿ, ಒಂದು ಹಿಡಿ ಬೀಜ. ತಮಿಳಲ್ಲಿ ಪಲ್ಲಾಂಕುಳಿ, ತೆಲುಗಲ್ಲಿ ವಾಮನಗುಂಟಲು. ಮಣೆ ಇಲ್ಲದಿದ್ದರೆ ಮಣ್ಣಲ್ಲಿ ಗುಳಿ ತೋಡಿದರೂ ಸಾಕು. ಚಿಕ್ಕವರಿಗೆ ಪೂರ್ತಿ ನಿಯಮ ಬೇಡ, ಗುಳಿಗೊಂದು ಬೀಜ ಹಾಕುತ್ತಾ ಹೋಗಲಿ. ಟೀಚರ್ 'ನಿಮ್ಮನೇಲಿ ಇದಕ್ಕೆ ಏನಂತಾರೆ?' ಅಂತ ಕೇಳಲಿ. ರಾಗಿ ಅಂತ ಒಬ್ಬ, ಕೇಳ್ವರಗು ಅಂತ ಇನ್ನೊಬ್ಬಳು, ರಾಗುಲು ಅಂತ ಮತ್ತೊಬ್ಬ ಹೇಳಿದರೆ ಮೂವರಿಗೂ ಮೂರು ಮಾತು ಸಿಕ್ಕ ಹಾಗೆ. ಇದಕ್ಕೆ ಖರ್ಚಿಲ್ಲ, ಆದೇಶವೂ ಬೇಕಿಲ್ಲ. ಒಂದು ಎಚ್ಚರ ಮಾತ್ರ: ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಣ್ಣ ಕಾಳು ಕೊಡಬಾರದು, ಮೂಗಿಗೋ ಬಾಯಿಗೋ ಹಾಕ್ಕೋತಾರೆ.

ಈ ಮಾತನ್ನೆಲ್ಲ ಆ ಟೀಚರಿಗೂ ಹೇಳಿದೆ. ಮಾರನೆಯ ವಾರ ಅವರು ಹುಣಸೆ ಬೀಜ ಹಿಡಿದು, ತಡವರಿಸುವ ಕನ್ನಡದಲ್ಲಿ 'ಎಷ್ಟಿದೆ?' ಅಂದರು. ನಮ್ಮ ಹುಡುಗಿ 'ಏಳು' ಅಂದಳು. ಟೀಚರ್ 'ಏಳು' ಅಂತಲೇ ತಿರುಗಿ ಹೇಳಿ ನಕ್ಕರು, ಯಾಕಂದ್ರೆ ತಮಿಳಲ್ಲೂ ಏಳು ಏಳೇ. ಉಚ್ಚಾರಣೆಯಲ್ಲಿ ಚೂರು ವ್ಯತ್ಯಾಸ, ಅಷ್ಟೇ.