ಬೇಲ್ ಆತು, ಕೇಸ್ ಮುಗೀತಾ?

ಕಳೆದ ವಾರ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬರುತ್ತಿದ್ದಂತೆ ಫೋನ್ ಬಂತು. ಹರಿಹರದ ಹತ್ತಿರದ ಸಾರಥಿಯಿಂದ ಒಬ್ಬ ಹಿರಿಯರು. "ಸಾರ್, ದಿನಾ ಅವರಿಗೆ ಬೇಲ್ ಸಿಕ್ತು, ಇವರಿಗೆ ಸಿಗಲಿಲ್ಲ ಅಂತೀರಿ. ನಾನು ದಾವಣಗೆರೆ ಮಿಲ್ಲಿನಾಗ ಇಪ್ಪತ್ತು ವರ್ಷ ಬೇಲ್ ಬಿಚ್ಚಿದೋನು. ಎರಡೂ ಒಂದೇನ್ರೀ?"

ನನಗೆ ನಗು ಬಂತು. ಮುಂದಿನ ಮಾತು ಕೇಳಿದ ಮೇಲೆ ನಗು ನಿಂತಿತು. ಅವರ ತಮ್ಮನ ಮಗನಿಗೆ ಜಾಮೀನು ಸಿಕ್ಕಿದೆ. ಹೊಲದ ಪಹಣಿ ಕೊಟ್ಟು ಶ್ಯೂರಿಟಿ ಸಹಿ ಹಾಕಿದವರು ಇವರೇ. ಹುಡುಗ ಮಾತ್ರ "ಬೇಲ್ ಆತು, ಕೇಸ್ ಮುಗೀತು" ಅಂತ ದುಡಿಯಲು ಗೋವಾಕ್ಕೆ ಹೊರಟು ನಿಂತಿದ್ದಾನೆ!

ತಪ್ಪು ಅವರದ್ದಲ್ಲ. ಕನ್ನಡದಲ್ಲಿ ಬರೆದರೆ ಎರಡೂ ಬೇಲ್. ಕಿವಿಗೂ ಒಂದೇ. ಇಂಗ್ಲಿಷಿನಲ್ಲಿ ಅಕ್ಷರ ಬೇರೆ. ಬಿ-ಎ-ಎಲ್-ಇ ಅಂದರೆ ಒತ್ತಿ ಬಿಗಿದು ಕಟ್ಟಿದ ದೊಡ್ಡ ಪಿಂಡಿ. ಜಿನ್ನಿಂಗ್‌ನಲ್ಲಿ ಬೀಜ ತೆಗೆದ ಹತ್ತಿಯನ್ನು ಪ್ರೆಸ್ ಮಾಡಿ ಕಟ್ಟುತ್ತಾರಲ್ಲ, ಅದು. ನಮ್ಮ ದೇಶದ ಲೆಕ್ಕದಲ್ಲಿ ಒಂದು ಬೇಲ್ ಅಂದರೆ 170 ಕೆ.ಜಿ. ಈ ಸಲ ಇಷ್ಟು ಲಕ್ಷ ಬೇಲ್ ಹತ್ತಿ ಅಂತ ನಾವು ಓದುವುದು ಇದನ್ನೇ. ಕರ್ನಾಟಕದ ಮ್ಯಾಂಚೆಸ್ಟರ್ ಅನಿಸಿಕೊಂಡಿದ್ದ ದಾವಣಗೆರೆಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ ಬಿಡಿ.

ಬಿ-ಎ-ಐ-ಎಲ್ ಅಂದರೆ ಜಾಮೀನು. (ಕ್ರಿಕೆಟ್ ಸ್ಟಂಪಿನ ಮೇಲಿನ ಬೇಲ್ಸ್‌ಗೂ ಇದೇ ಸ್ಪೆಲ್ಲಿಂಗ್. ಅದು ಬಿದ್ದರೆ ಔಟ್, ಇದು ಸಿಕ್ಕರೆ ಔಟ್!) ಕರೆದಾಗ ಕೋರ್ಟಿಗೆ ಬರುತ್ತೇನೆ ಅಂತ ಬರೆದುಕೊಟ್ಟು, ವಿಚಾರಣೆ ಮುಗಿಯುವ ತನಕ ಹೊರಗಿರುವುದು. ಅಷ್ಟೇ. ನಿರ್ದೋಷಿ ಅಂತ ತೀರ್ಪು ಬಂದಿಲ್ಲ, ಕೇಸ್ ಹಾಗೇ ಇರುತ್ತದೆ. 2024ರ ಜುಲೈ 1ರಿಂದ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ನಿರೀಕ್ಷಣಾ ಜಾಮೀನಿನ 438ನೇ ಕಲಂ ಈಗ 482 ಆಗಿದೆ. ನಂಬರ್ ಬದಲಾಯಿತು, ಬೇಲ್‌ನ ಅರ್ಥ ಬದಲಾಗಲಿಲ್ಲ.

ಹುಡುಗ ವಾಯಿದೆ ತಪ್ಪಿಸಿದರೆ? ಅವನ ಮೇಲೆ ವಾರಂಟ್ ಬರುತ್ತದೆ. ಶ್ಯೂರಿಟಿ ಕೊಟ್ಟವರಿಗೂ ನೋಟಿಸ್ ಬರುತ್ತದೆ. ಬಾಂಡಿನಲ್ಲಿ ಬರೆದ ಹಣವನ್ನು ಅವರು ಕಟ್ಟಬೇಕಾಗಬಹುದು. ಕಟ್ಟದೆ ಹೋದರೆ, ವಸೂಲಿಯೂ ಆಗದಿದ್ದರೆ, ಆರು ತಿಂಗಳ ತನಕ ಸಿವಿಲ್ ಜೈಲಿಗೂ ಅವಕಾಶವಿದೆ. ಸಹಿ ಹಾಕಿಸುವಾಗ ಇದನ್ನು ಯಾರಾದರೂ ಬಿಡಿಸಿ ಹೇಳುತ್ತಾರಾ? ಶ್ಯೂರಿಟಿಗೆ ಹುಡುಗನ ಮೇಲೆ ನಂಬಿಕೆ ಹೋದರೆ, ನನ್ನನ್ನು ಬಿಡುಗಡೆ ಮಾಡಿ ಅಂತ ಕೋರ್ಟಿಗೆ ಅರ್ಜಿ ಹಾಕಬಹುದು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

"ಮಿಲ್ಲಿನಲ್ಲಿ ಬೇಲ್ ಬಿಚ್ಚಿದರೆ ಕೆಲಸ ಮುಗೀತಿತ್ತಾ?" ಅಂತ ಕೇಳಿದೆ. "ಎಲ್ಲೀದು ಸಾರ್, ಬಿಚ್ಚಿದ ಮ್ಯಾಲೇ ಕೆಲಸ ಶುರು" ಅಂದವರು ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಇರ್ರಿ, ಹುಡುಗ ಬಸ್ ಹತ್ತೋದ್ರೊಳಗೆ ಹಿಡೀತೀನಿ" ಅಂತ ಫೋನ್ ಇಟ್ಟರು.